ಹದಿನಾಲ್ಕು ಕ್ಯಾರೆಟ್ಟಿನ ಕಾಯ್ದೆ

1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಹೊಸದೊಂದು ಬಗೆಯ ನೋಟು ಅಚ್ಚು ಹಾಕಿಸಿತು. ನಮ್ಮದೇ ರೂಪಾಯಿ, ಮೇಲೆ ನಮ್ಮದೇ ಬ್ಯಾಂಕಿನ ಹೆಸರು. ಆದರೆ ಬಣ್ಣ ಬೇರೆ, ಕ್ರಮಸಂಖ್ಯೆಯ ಮುಂದೆ ‘ಝಡ್’ ಅಕ್ಷರ. ಈ ನೋಟನ್ನು ಮಂಗಳೂರಿನಲ್ಲಾಗಲಿ ಮುಂಬಯಿಯಲ್ಲಾಗಲಿ ಯಾರೂ ಮುಟ್ಟುವಂತಿರಲಿಲ್ಲ. ಅದು ಚಲಾವಣೆಯಾಗಬೇಕಿದ್ದದ್ದು ಕುವೈತ್, ಬಹ್ರೇನ್, ಕತಾರ್, ದುಬೈಗಳಲ್ಲಿ. ಅಲ್ಲಿನ ಜನ ಆ ಕಾಲಕ್ಕೆ ಭಾರತದ ರೂಪಾಯಿಯಲ್ಲೇ ವ್ಯವಹಾರ ಮಾಡುತ್ತಿದ್ದರು. ಹಾಗಿದ್ದರೂ ಅವರಿಗೆಂದೇ ಬೇರೆ ನೋಟು ಏಕೆ ಬೇಕಾಯಿತು? ಕಾರಣ ಚಿನ್ನ.

ದುಬೈಯ ವರ್ತಕರು ಲಂಡನ್ನಿನಿಂದ ಚಿನ್ನ ತರಿಸುತ್ತಿದ್ದರು. ಅವರ ಊರಿನಲ್ಲಿ ಅದು ಕಾನೂನುಬದ್ಧ ವ್ಯಾಪಾರ. ಆ ಚಿನ್ನ ದೋಣಿಗಳಲ್ಲಿ ಕದ್ದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿತ್ತು, ಇಲ್ಲಿಂದ ಬೆಲೆಯಾಗಿ ಕಟ್ಟುಕಟ್ಟು ರೂಪಾಯಿ ನೋಟು ಅದೇ ದೋಣಿಯಲ್ಲಿ ವಾಪಸ್ ಹೋಗುತ್ತಿತ್ತು. ಆ ನೋಟನ್ನು ಅಲ್ಲಿನ ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೇ ಮರಳಿಸಿ ಪೌಂಡ್ ಕೇಳುತ್ತಿದ್ದವು, ಕೊಡದೆ ವಿಧಿಯಿರಲಿಲ್ಲ. ಅಂದರೆ ಕಳ್ಳಸಾಗಣೆಯ ಚಿನ್ನಕ್ಕೆ ಕೊನೆಗೆ ಭಾರತದ ವಿದೇಶಿ ವಿನಿಮಯವೇ ತೆರಬೇಕಾಗುತ್ತಿತ್ತು. ಎರಡನೇ ಪಂಚವಾರ್ಷಿಕ ಯೋಜನೆಗೆ ಯಂತ್ರ ತರಿಸಲು ಪೌಂಡಿಗಾಗಿ ಪರದಾಡುತ್ತಿದ್ದ ದೆಹಲಿಗೆ ಇದು ಸಹಿಸಲಾಗದ ಸೋರಿಕೆ. ಬೇರೆ ಬಣ್ಣದ ನೋಟು ಬಂದದ್ದು ಆ ಸೋರಿಕೆ ಕಟ್ಟಲೆಂದು. ಸೋರಿಕೆ ಮತ್ತೊಂದು ದಾರಿ ಹುಡುಕಿಕೊಂಡಿತು. ನಾಲ್ಕು ವರ್ಷವೂ ಕಳೆಯುವ ಮೊದಲು ಸರ್ಕಾರ ಸಮುದ್ರದ ಕಡೆಗಿದ್ದ ದೃಷ್ಟಿಯನ್ನು ಊರೊಳಗಿನ ಅಕ್ಕಸಾಲಿಯ ಅಗ್ಗಿಷ್ಟಿಕೆಯತ್ತ ತಿರುಗಿಸಿತು. ಸ್ವತಂತ್ರ ಭಾರತದ ಆರ್ಥಿಕ ನಿಯಂತ್ರಣಗಳಲ್ಲಿ ಇಷ್ಟು ಸದುದ್ದೇಶದಿಂದ ಹೊರಟು ಇಷ್ಟು ಮನೆಗಳ ಒಲೆ ಆರಿಸಿದ್ದು ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಕಳ್ಳಸಾಗಣೆಯ ಮೂಲ ಒಂದು ಸಣ್ಣ ಲೆಕ್ಕದಲ್ಲಿದೆ. ಆಗ ಚಿನ್ನಕ್ಕೆ ಅಂತಾರಾಷ್ಟ್ರೀಯ ಅಧಿಕೃತ ದರ ಔನ್ಸಿಗೆ 35 ಡಾಲರ್. ನಮ್ಮ ರೂಪಾಯಿಯ ಆಗಿನ ಲೆಕ್ಕದಲ್ಲಿ ತೊಲಕ್ಕೆ 62 ರೂಪಾಯಿ 50 ಪೈಸೆ, ಅಂದರೆ 10 ಗ್ರಾಮಿಗೆ ಹತ್ತಿರಹತ್ತಿರ 54 ರೂಪಾಯಿ. 1962ರ ಸುಮಾರಿಗೆ ಮುಂಬಯಿಯ ಚಿನಿವಾರ ಪೇಟೆಯಲ್ಲಿ ಅದೇ 10 ಗ್ರಾಂ 120 ರೂಪಾಯಿಯ ಆಸುಪಾಸಿನಲ್ಲಿತ್ತು. ಕಳ್ಳದೋಣಿಗಳಲ್ಲಿ ಬರುತ್ತಿದ್ದದ್ದು 10 ತೊಲದ ಗಟ್ಟಿ, ಜನರ ಬಾಯಲ್ಲಿ ‘ಬಿಸ್ಕತ್ತು’. ತೂಕ 116 ಗ್ರಾಮಿಗೆ ಸ್ವಲ್ಪ ಹೆಚ್ಚು, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಗಾತ್ರ. ಸಾಲುಸಾಲು ಕಿಸೆ ಹೊಲಿದ ಕ್ಯಾನ್‌ವಾಸ್ ಅಂಗಿಗಳಲ್ಲಿ ಬಿಸ್ಕತ್ತುಗಳನ್ನು ತುಂಬಿ ಮೈಮೇಲೆ ಹಾಕಿಕೊಂಡೇ ದಡ ಸೇರುತ್ತಿದ್ದರು. ಅಧಿಕೃತ ದರದಲ್ಲಿ 625 ರೂಪಾಯಿಯಾಗುವ ಒಂದು ಬಿಸ್ಕತ್ತು ಇಲ್ಲಿ 1,400ರ ಹತ್ತಿರ ಬಿಕರಿಯಾಗುತ್ತಿತ್ತು. ದೋಣಿಯ ಬಾಡಿಗೆ, ದಲಾಲಿ, ಲಂಚ ಎಲ್ಲ ಕಳೆದರೂ ಉಳಿಯುವ ಲಾಭ ದೊಡ್ಡದು.

ಇಷ್ಟು ಅಂತರ ಹುಟ್ಟಿದ್ದು ಕಾನೂನಿನಿಂದ. 1947ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಪ್ರಕಾರ ರಿಸರ್ವ್ ಬ್ಯಾಂಕಿನ ಅಪ್ಪಣೆಯಿಲ್ಲದೆ ಚಿನ್ನ ತರುವಂತಿರಲಿಲ್ಲ, ಅಪ್ಪಣೆ ಸಿಗುತ್ತಲೂ ಇರಲಿಲ್ಲ. ಬೇಡಿಕೆಯೋ, ಮದುವೆಯ ಋತು ಬಂದಾಗಲೆಲ್ಲ ಏರುವಂಥದ್ದು. ದೇಶದೊಳಗೆ ಚಿನ್ನದ ದೊಡ್ಡ ಮೂಲ ಎಂದರೆ ನಮ್ಮ ಕೋಲಾರ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿಕೊಂಡು ಬಂದಿದ್ದ ಆ ಗಣಿಗಳನ್ನು ಮೈಸೂರು ಸರ್ಕಾರ 1956ರಲ್ಲಿ ವಶಕ್ಕೆ ತೆಗೆದುಕೊಂಡಿತು, 1962ರ ಡಿಸೆಂಬರಿನಲ್ಲಿ ಅವು ಕೇಂದ್ರದ ಕೈಗೆ ಹೋದವು. ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಬಂಡೆಯ ಕಾವಿನಲ್ಲಿ ಬೆಂದು ಕಾರ್ಮಿಕರು ಮೇಲಕ್ಕೆ ತಂದ ಚಿನ್ನ ಪೇಟೆಗೆ ಬರಲಿಲ್ಲ. ಅದನ್ನು ಅಂತಾರಾಷ್ಟ್ರೀಯ ಅಧಿಕೃತ ದರಕ್ಕೆ ಕೇಂದ್ರ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಒಂದೇ ಲೋಹಕ್ಕೆ ದುಬೈಯ ದೋಣಿಯವನಿಗೆ ಒಂದು ಬೆಲೆ, ಕೋಲಾರದ ಗಣಿಗೆ ಅದರ ಅರ್ಧಕ್ಕಿಂತ ಕಡಿಮೆ ಬೆಲೆ. ಆಳ ಹೆಚ್ಚಿದಂತೆ ಖರ್ಚು ಏರುತ್ತಿತ್ತು, ಗಣಿ ನಷ್ಟದಲ್ಲಿದೆ ಎಂಬ ಮಾತು ಆಗಲೇ ಶುರುವಾಯಿತು. ಕೋಲಾರದ ನಷ್ಟಕ್ಕೆ ಅದಿರು ತೆಳುವಾದದ್ದೊಂದೇ ಕಾರಣ ಎನ್ನುವವರು ಈ ದರದ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮವರಿಗೆ ಚಿನ್ನದ ಮೇಲೆ ಯಾಕಿಷ್ಟು ಮೋಹ ಎಂಬ ಪ್ರಶ್ನೆ ಹಳೆಯದು. 1913ರಷ್ಟು ಹಿಂದೆಯೇ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಭಾರತದ ನಾಣ್ಯವ್ಯವಸ್ಥೆಯ ಬಗ್ಗೆ ಪುಸ್ತಕ ಬರೆದು, ಭಾರತೀಯರು ಚಿನ್ನವನ್ನು ಒಳಗೆಳೆದು ಕೂಡಿಡುವುದನ್ನು ದೇಶಕ್ಕೆ ಹಾನಿ ತರುವ ಚಾಳಿ ಎಂದಿದ್ದರು. ಸ್ವಾತಂತ್ರ್ಯಾನಂತರದ ಯೋಜನಾಕಾರರಿಗೆ ಆ ಮಾತು ಸರಿಯೆನಿಸಿತು: ಚಿನ್ನವೆಂದರೆ ಸತ್ತ ಬಂಡವಾಳ, ಕಾರ್ಖಾನೆಯಾಗಬೇಕಾದ ಹಣ ಕೊರಳಲ್ಲಿ ನೇತಾಡುತ್ತಿದೆ. ಈ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಹಳ್ಳಿಯ ಹೆಂಗಸಿನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಹತ್ತು ಹರದಾರಿಯಲ್ಲಿ ಬ್ಯಾಂಕಿಲ್ಲ. ಗಂಡನ ಹೊಲದಲ್ಲಿ ಅವಳಿಗೆ ಪಾಲಿಲ್ಲ. ರೂಪಾಯಿಯ ಬೆಲೆ ಕುಸಿಯುತ್ತಿದೆ. ಅವಳ ಕೈಯಲ್ಲಿ, ಅವಳದೇ ಎಂದು ಇರುವುದು ಬೋರಮಾಳ ಸರ, ಎರಡು ಬಳೆ. 1931ರಲ್ಲಿ ಬ್ರಿಟನ್ ಚಿನ್ನದ ಪ್ರಮಾಣವನ್ನು (ಗೋಲ್ಡ್ ಸ್ಟ್ಯಾಂಡರ್ಡ್) ಕೈಬಿಟ್ಟು ಚಿನ್ನದ ಬೆಲೆ ಏರಿದಾಗ, ಬೆಳೆಗೆ ಬೆಲೆಯಿಲ್ಲದೆ ಮುಳುಗುತ್ತಿದ್ದ ರೈತ ಕುಟುಂಬಗಳು ಒಡವೆ ಮಾರಿ ಕಂದಾಯ ಕಟ್ಟಿದವು, ಸಾಲ ತೀರಿಸಿದವು. ಆ ವರ್ಷಗಳಲ್ಲಿ ಭಾರತದಿಂದ ಚಿನ್ನ ಹೊರಕ್ಕೆ ಹರಿಯಿತು. ಸತ್ತ ಬಂಡವಾಳ ಎನ್ನಿಸಿಕೊಂಡದ್ದೇ ಅವರ ಮನೆ ಉಳಿಸಿದ್ದು.

ಇದನ್ನು ಆ ಕಾಲದಲ್ಲೇ ಸ್ಪಷ್ಟವಾಗಿ ಕಂಡ ಅರ್ಥಶಾಸ್ತ್ರಜ್ಞರು ಕೆಲವೇ ಮಂದಿ. ಅವರಲ್ಲಿ ಮೊದಲು ನೆನೆಯಬೇಕಾದವರು ಬಿ.ಆರ್. ಶೆಣೈ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1905ರಲ್ಲಿ ಹುಟ್ಟಿ, ಬನಾರಸ್ ಮತ್ತು ಲಂಡನ್ನಿನಲ್ಲಿ ಓದಿ, ರಿಸರ್ವ್ ಬ್ಯಾಂಕಿನಲ್ಲಿ ಕೆಲಸ ಮಾಡಿ, ಮುಂದೆ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. 1955ರಲ್ಲಿ ಎರಡನೇ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದದ್ದು ಅವರೊಬ್ಬರೇ. ಉಳಿತಾಯವಿಲ್ಲದೆ ನೋಟು ಅಚ್ಚಿಸಿ ಯೋಜನೆ ನಡೆಸಿದರೆ ಬೆಲೆ ಏರುತ್ತದೆ, ಏರಿದ ಬೆಲೆಯನ್ನು ಹತ್ತಿಕ್ಕಲು ನಿಯಂತ್ರಣ ತಂದರೆ ಲೈಸೆನ್ಸು ಸಿಕ್ಕವನಿಗೆ ದುಡಿಯದ ಲಾಭವೂ ಉಳಿದವರಿಗೆ ಕಷ್ಟವೂ ಆಗುತ್ತದೆ ಎಂಬುದು ಅವರ ನಿಲುವಿನ ತಿರುಳು. ಅದೇ ವರ್ಷ ಭಾರತಕ್ಕೆ ಬಂದಿದ್ದ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಕೂಡ ಸರ್ಕಾರಕ್ಕೆ ಕೊಟ್ಟ ಟಿಪ್ಪಣಿಯಲ್ಲಿ ವಿನಿಮಯ ದರವನ್ನು ಬಿಗಿಹಿಡಿಯಬೇಡಿ ಎಂಬ ಸಲಹೆಯಿತ್ತರು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ ರಾಜಾಜಿ ‘ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್’ ಎಂಬ ಹೆಸರನ್ನೇ ಈ ವ್ಯವಸ್ಥೆಗೆ ಕೊಟ್ಟರು. ಶೆಣೈಯವರ ವಾದವನ್ನು ಚಿನ್ನಕ್ಕೆ ಹಚ್ಚಿ ನೋಡಿದರೆ ತೀರ್ಮಾನ ನೇರವಾಗಿದೆ: ರೂಪಾಯಿಯ ಮೇಲೆ ನಂಬಿಕೆ ಕುಂದಿದಾಗ ಜನ ಚಿನ್ನಕ್ಕೆ ಓಡುತ್ತಾರೆ, ಬಾಗಿಲು ಮುಚ್ಚಿದರೆ ಬೆಲೆ ಏರುತ್ತದೆ, ಏರಿದ ಬೆಲೆಯೇ ಕಳ್ಳಸಾಗಣೆದಾರನ ಸಂಬಳ. ಈ ಮಾತು ಆಗ ದೆಹಲಿಯ ಕಿವಿಗೆ ಬೀಳುವ ಸ್ಥಿತಿಯಿರಲಿಲ್ಲ.

1962ರ ಅಕ್ಟೋಬರಿನಲ್ಲಿ ಚೀನಾ ಗಡಿ ದಾಟಿತು. ಸೋಲಿನ ಆ ದಿನಗಳಲ್ಲಿ ಜನ ರಕ್ಷಣಾ ನಿಧಿಗೆ ಕೊಟ್ಟ ರೀತಿ ಇಂದಿಗೂ ಮನಸ್ಸು ತುಂಬುವಂಥದ್ದು. ಹೆಂಗಸರು ಸಭೆಗಳಲ್ಲೇ ಬಳೆ ಬಿಚ್ಚಿ ಕೊಟ್ಟರು. ನವೆಂಬರಿನಲ್ಲಿ ಸರ್ಕಾರ ಶೇ 6.5 ಬಡ್ಡಿಯ, ಹದಿನೈದು ವರ್ಷದ ಚಿನ್ನದ ಬಾಂಡ್ ಹೊರಡಿಸಿತು. ದಾನ ಕೊಟ್ಟ ಜನರೇ ಬಾಂಡ್ ಕೊಳ್ಳಲು ಹಿಂಜರಿದರು. ಚಿನ್ನಕ್ಕೆ ಲೆಕ್ಕ ಹಾಕಿದ್ದು ಅಧಿಕೃತ ದರದಲ್ಲಿ. ಪೇಟೆಯಲ್ಲಿ ಎರಡು ಪಟ್ಟು ಬೆಲೆ ಬಾಳುವುದನ್ನು ಅರ್ಧಕ್ಕೆ ಒಪ್ಪಿಸುವುದು ದೇಶಭಕ್ತಿಯಿಂದ ಆಗಬಹುದಿತ್ತು, ಬಡ್ಡಿಯ ಆಸೆಯಿಂದ ಆಗುವಂತಿರಲಿಲ್ಲ. ಮುಂದೆ 1965ರಲ್ಲಿ ಇನ್ನೆರಡು ಸಲ ಬಾಂಡ್ ಬಂದವು. ಮೂರೂ ಸೇರಿ ಕೂಡಿದ ಚಿನ್ನ 40 ಟನ್ ಮುಟ್ಟಲಿಲ್ಲ. ಜನರ ಬಳಿ ಇದ್ದದ್ದು ಸಾವಿರಾರು ಟನ್ ಎಂಬುದು ಆಗಿನ ಅಂದಾಜು.

ಆಗ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ. ಶಿಸ್ತಿನ ಮನುಷ್ಯ, ನಂಬಿದ್ದನ್ನು ಬಿಡದ ಗಾಂಧಿವಾದಿ. ಚಿನ್ನದ ಆಸೆ ಸಾಮಾಜಿಕ ದುಶ್ಚಟ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಕಳ್ಳಸಾಗಣೆಯನ್ನು ಸಮುದ್ರದಲ್ಲಿ ನಿಲ್ಲಿಸಲಾಗದಿದ್ದರೆ ಬೇಡಿಕೆಯನ್ನೇ ಕೊಲ್ಲಬೇಕು. ಒಡವೆಯಲ್ಲಿ ಚಿನ್ನ ಕಡಿಮೆಯಾದರೆ ಅದನ್ನು ಕೂಡಿಡುವ ಆಸೆಯೂ ಇಳಿಯುತ್ತದೆ ಎಂಬುದು ಅವರ ಲೆಕ್ಕ. 1963ರ ಜನವರಿ ಎರಡನೇ ವಾರದಲ್ಲಿ, ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲೇ, ಚಿನ್ನ ನಿಯಂತ್ರಣ ಜಾರಿಯಾಯಿತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಒಡವೆಯನ್ನು ಇನ್ನು ಮುಂದೆ ಯಾರೂ ಮಾಡುವಂತಿಲ್ಲ. ಚಿನ್ನದ ವ್ಯಾಪಾರಿಗೆ, ಕರಗಿಸುವವನಿಗೆ ಲೈಸೆನ್ಸು ಬೇಕು. ಮನೆಯಲ್ಲಿ ಒಡವೆಯ ರೂಪದಲ್ಲಿಲ್ಲದ ಚಿನ್ನ ಇದ್ದರೆ, ಅಲ್ಪ ವಿನಾಯಿತಿ ಬಿಟ್ಟು, ಘೋಷಿಸಬೇಕು. ಎಲ್ಲಕ್ಕೂ ಮೇಲೆ ಚಿನ್ನ ನಿಯಂತ್ರಣ ಮಂಡಳಿ.

ಈ ಕಾನೂನು ಏನು ಮಾಡಿತೆಂದು ತಿಳಿಯಲು ಅಕ್ಕಸಾಲಿಯ ಮಣೆಯ ಮುಂದೆ ಕೂತು ನೋಡಬೇಕು. ಇಪ್ಪತ್ತೆರಡು ಕ್ಯಾರೆಟ್ ಎಂದರೆ ನೂರರಲ್ಲಿ 91.6 ಪಾಲು ಚಿನ್ನ, ಹದಿನಾಲ್ಕೆಂದರೆ 58.3. ಶುದ್ಧತೆ ಹೆಚ್ಚಿದಷ್ಟೂ ಚಿನ್ನ ಮೆತ್ತಗೆ. ಮೂಸೆಯಲ್ಲಿ ಕರಗಿಸಿ, ಅಡಿಗಲ್ಲಿನ ಮೇಲೆ ಬಡಿದು, ಅಚ್ಚಿನ ತೂತಿನಲ್ಲಿ ಎಳೆದೆಳೆದು ಕೂದಲೆಳೆಯ ತಂತಿ ಮಾಡುವುದು, ಆ ತಂತಿಯಿಂದ ಜುಮುಕಿಯ ಗೂಡು ಹೆಣೆಯುವುದು, ಸಾಸಿವೆಯಂಥ ಗುಂಡು ಕೂರಿಸಿ ಊದುಗೊಳವೆಯ ಉಸಿರಲ್ಲಿ ಬೆಸೆಯುವುದು, ಎಲ್ಲವೂ ಆ ಮೆತ್ತನೆಯ ಗುಣವನ್ನು ನಂಬಿ ಬೆಳೆದ ಕಸುಬು. ತಾಮ್ರ, ಬೆಳ್ಳಿ ಅಷ್ಟು ಬೆರೆತ ಹದಿನಾಲ್ಕು ಕ್ಯಾರೆಟ್ ಗಡುಸು. ಸುತ್ತಿಗೆಗೆ ಮಣಿಯದು, ಬೆವರಿಗೆ ಬಣ್ಣ ಮಾಸುತ್ತದೆ. ಬೇರೆ ಉಪಕರಣ, ಬೇರೆ ಬೆಸುಗೆ, ಬೇರೆ ಕೌಶಲ ಬೇಕು. ಅದು ಕಾರ್ಖಾನೆಗೆ ಹೊಂದುವ ಲೋಹ, ಕುಲುಮೆಗಲ್ಲ.

ಗಿರಾಕಿಯ ಕಷ್ಟ ಇನ್ನೊಂದು. ನಮ್ಮ ಅಕ್ಕಸಾಲಿಗಳಲ್ಲಿ ಹೆಚ್ಚಿನವರು ಅಂಗಡಿಯಿಟ್ಟ ವ್ಯಾಪಾರಿಗಳಲ್ಲ. ಮನೆಯವರು ಅಜ್ಜಿಯ ಹಳೆಯ ಸರ ತಂದುಕೊಡುತ್ತಾರೆ, ಅದನ್ನು ಕರಗಿಸಿ ಮೊಮ್ಮಗಳ ಮದುವೆಗೆ ಹೊಸದು ಮಾಡಿಕೊಡಬೇಕು, ಸಿಗುವುದು ಮಜೂರಿ. ಹೊಸ ನಿಯಮದ ಪ್ರಕಾರ ಅಜ್ಜಿಯ ಇಪ್ಪತ್ತೆರಡು ಕ್ಯಾರೆಟ್ ಚಿನ್ನಕ್ಕೆ ತಾಮ್ರ ಬೆರೆಸಿ ಹದಿನಾಲ್ಕಕ್ಕೆ ಇಳಿಸಿಯೇ ಹೊಸ ಒಡವೆ ಮಾಡಬೇಕು. ಯಾವ ತಾಯಿ ಇದಕ್ಕೆ ಒಪ್ಪುತ್ತಾಳೆ? ತಾಳಿಯ ಚಿನ್ನಕ್ಕೆ ಕಲಬೆರಕೆ ಮಾಡಿಸಲು ಯಾರ ಮನಸ್ಸು ಬರುತ್ತದೆ? ಜನ ಹೊಸ ಒಡವೆ ಮಾಡಿಸುವುದನ್ನೇ ನಿಲ್ಲಿಸಿದರು, ಇಲ್ಲವೇ ಕದ್ದು ಮಾಡಿಸಿದರು. ಕದ್ದು ಮಾಡಿಸುವ ಧೈರ್ಯ, ದುಡ್ಡು ಎರಡೂ ಇದ್ದದ್ದು ಉಳ್ಳವರಿಗೆ.

ನಮ್ಮಲ್ಲಿ ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯಿದೆ. ಕಸುಬುದಾರರ ಒಂದು ಸಮುದಾಯವನ್ನೇ ತಲೆಮಾರುಗಳ ಕಾಲ ನೋಯಿಸಿದ ಮಾತು ಅದು. ಕಾಯ್ದೆ ತಂದವರಿಗೆ ಈ ಹಳೆಯ ಅನುಮಾನ ಅನುಕೂಲವಾಯಿತೆಂದು ನನಗನ್ನಿಸುತ್ತದೆ. ಅಕ್ಕಸಾಲಿಯ ಪರವಾಗಿ ಸಮಾಜದಿಂದ ದೊಡ್ಡ ದನಿ ಏಳುವುದಿಲ್ಲ ಎಂಬ ಎಣಿಕೆ ಎಲ್ಲೋ ಇದ್ದಿರಬೇಕು. ಆದರೆ ದನಿ ಎದ್ದಿತು. ಕೆಲವೇ ತಿಂಗಳಲ್ಲಿ ದೇಶದ ಲಕ್ಷಾಂತರ ಕುಶಲಕರ್ಮಿಗಳ ಕೈ ಬರಿದಾಯಿತು. ವಿಶ್ವಕರ್ಮರು, ದೈವಜ್ಞರು, ಉತ್ತರ ಕರ್ನಾಟಕದ ಪತ್ತಾರರು, ಬಂಗಾಳದ ಸ್ವರ್ಣಕಾರರು, ಎಲ್ಲರಿಗೂ ಒಂದೇ ಗತಿ. ಅಕ್ಕಸಾಲಿಗಳು ಆತ್ಮಹತ್ಯೆ ಮಾಡಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು, ಸಂಸತ್ತಿನಲ್ಲಿ ಪ್ರಸ್ತಾಪವಾದವು. ಎಡಪಂಥೀಯರೂ ಸ್ವತಂತ್ರ ಪಕ್ಷದವರೂ ಜನಸಂಘದವರೂ ಒಟ್ಟಿಗೆ ವಿರೋಧಿಸಿದ ವಿಷಯ ಆ ಕಾಲದಲ್ಲಿ ಹೆಚ್ಚಿರಲಿಲ್ಲ; ಇದು ಅಂಥದ್ದೊಂದು. ಸರ್ಕಾರ ಪುನರ್ವಸತಿಯ ಯೋಜನೆ ಹಾಕಿತು: ಸಾಲ, ಬೇರೆ ಕಸುಬಿನ ತರಬೇತಿ, ಮಕ್ಕಳ ಓದಿಗೆ ನೆರವು. ಬಾಲ್ಯದಿಂದ ಬೆಂಕಿಯ ಮುಂದೆ ಕೂತು ಕೈ ಪಳಗಿಸಿಕೊಂಡ ನಲವತ್ತರ ಮನುಷ್ಯನಿಗೆ ಹೊಸ ಕಸುಬು ಹಿಡಿಸುವುದು ಅರ್ಜಿ ತುಂಬಿದಷ್ಟು ಸುಲಭವಲ್ಲ.

ಮೊದಲ ತಿರುವು ಬಂದದ್ದು ಬೇರೆ ಕಾರಣಕ್ಕೆ. 1963ರ ಆಗಸ್ಟಿನಲ್ಲಿ, ಹಿರಿಯ ಮಂತ್ರಿಗಳು ಅಧಿಕಾರ ಬಿಟ್ಟು ಪಕ್ಷದ ಕೆಲಸಕ್ಕೆ ಮರಳಬೇಕೆಂಬ ಕಾಮರಾಜ್ ಯೋಜನೆಯ ಹೆಸರಿನಲ್ಲಿ, ಮೊರಾರ್ಜಿ ಸಂಪುಟ ಬಿಟ್ಟರು, ಟಿ.ಟಿ. ಕೃಷ್ಣಮಾಚಾರಿ ಹಣಕಾಸು ಖಾತೆಗೆ ಮರಳಿದರು. ಒಂದೇ ತಿಂಗಳಲ್ಲಿ ಸಡಿಲಿಕೆ ಬಂತು. ಸ್ವಂತ ದುಡಿಯುವ ಅಕ್ಕಸಾಲಿ, ಗಿರಾಕಿ ತಂದ ಹಳೆಯ ಒಡವೆಯನ್ನು ಅದರ ಶುದ್ಧತೆಯಲ್ಲೇ ಹೊಸದು ಮಾಡಿಕೊಡಬಹುದು ಎಂದಾಯಿತು. ಈ ಸಡಿಲಿಕೆ ಮಾನವೀಯವಾದದ್ದು, ಜೊತೆಗೇ ಕಾಯ್ದೆಯ ಬುಡಕ್ಕೆ ಬಿದ್ದ ಪೆಟ್ಟು. ಕದ್ದು ತಂದ ಬಿಸ್ಕತ್ತನ್ನು ಒರಟು ಬಳೆಯಾಗಿ ಬಡಿದರೆ ಅದೂ ‘ಹಳೆಯ ಒಡವೆ’ಯೇ. ಅದನ್ನು ಅಲ್ಲವೆಂದು ಯಾವ ಇನ್‌ಸ್ಪೆಕ್ಟರ್ ಸಾಬೀತು ಮಾಡಬಲ್ಲ?

1966ರಲ್ಲಿ ಅಕ್ಕಸಾಲಿಗಳು ಮತ್ತೆ ಬೀದಿಗಿಳಿದರು. ದೆಹಲಿಯಲ್ಲಿ ಸತ್ಯಾಗ್ರಹ ನಡೆಯಿತು. ಚುನಾವಣೆ ಮುಂದಿತ್ತು, ಇಂದಿರಾ ಗಾಂಧಿ ಪ್ರಧಾನಿಯಾಗಿ ವರ್ಷವೂ ತುಂಬಿರಲಿಲ್ಲ, ಜೂನಿನಲ್ಲಿ ರೂಪಾಯಿಯ ಅಪಮೌಲ್ಯ ಮಾಡಿ, ಡಾಲರಿಗೆ 4.76 ಇದ್ದದ್ದನ್ನು 7.50 ಮಾಡಿದ್ದಕ್ಕೆ ಎಲ್ಲ ಕಡೆಯಿಂದ ಟೀಕೆ ಎದುರಿಸುತ್ತಿದ್ದರು. ನವೆಂಬರಿನಿಂದ ಹದಿನಾಲ್ಕು ಕ್ಯಾರೆಟ್ಟಿನ ಕಟ್ಟು ತೆಗೆಯಲಾಯಿತು. ಕಾಯ್ದೆಯ ಜೀವವೇ ಹೋದಂತಾಯಿತು, ದೇಹ ಮಾತ್ರ ಇನ್ನೂ ಇಪ್ಪತ್ನಾಲ್ಕು ವರ್ಷ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಬೆಳೆಯಿತು. 1967ರಲ್ಲಿ ಮೊರಾರ್ಜಿ ಉಪಪ್ರಧಾನಿಯಾಗಿ ಹಣಕಾಸು ಖಾತೆಗೆ ವಾಪಸಾದರು. ಯುದ್ಧಕಾಲದ ನಿಯಮಗಳ ಆಯುಸ್ಸು ಮುಗಿಯುತ್ತಿದ್ದಂತೆ 1968ರ ಜೂನಿನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್ 1ರಿಂದ ಶಾಶ್ವತ ಕಾಯ್ದೆ. ಖಾಸಗಿಯವರು ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿಲ್ಲ. ಒಡವೆ ಒಬ್ಬರಲ್ಲಿ 2,000 ಗ್ರಾಂ, ಕುಟುಂಬದಲ್ಲಿ 4,000 ಗ್ರಾಂ ಮೀರಿದರೆ ಘೋಷಣೆ. ಅಕ್ಕಸಾಲಿಗೆ ಸರ್ಟಿಫಿಕೇಟು, ಕೈಯಲ್ಲಿಟ್ಟುಕೊಳ್ಳುವ ಚಿನ್ನಕ್ಕೆ ಮಿತಿ, ಬಂದದ್ದು ಹೋದದ್ದಕ್ಕೆಲ್ಲ ರಿಜಿಸ್ಟರು. ಅಧಿಕಾರಿ ಒಳಹೊಕ್ಕು ತಪಾಸಣೆ ಮಾಡಬಹುದು, ವಶಪಡಿಸಿಕೊಳ್ಳಬಹುದು, ತಪ್ಪಿಗೆ ಜೈಲು. ಇದರ ಪಕ್ಕದಲ್ಲಿ 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮನ್ನೂ ಇಟ್ಟು ನೋಡಬೇಕು. ವಶಪಡಿಸಿಕೊಂಡ ಚಿನ್ನ ಕಳ್ಳಸಾಗಣೆಯದಲ್ಲ ಎಂದು ಸಾಬೀತು ಮಾಡುವ ಹೊಣೆ ಅದು ಯಾರ ಬಳಿ ಸಿಕ್ಕಿತೋ ಅವರದ್ದೇ. ತೂಕದಲ್ಲಿ ಗುಲಗಂಜಿಯಷ್ಟು ವ್ಯತ್ಯಾಸ ಬರುವ ಕಸುಬಿನಲ್ಲಿ, ಅಕ್ಷರ ಬಾರದ ಕಸುಬುದಾರನ ಕೈಗೆ ಲೆಕ್ಕದ ಪುಸ್ತಕ ಕೊಟ್ಟು, ಅಂಕಿ ತಪ್ಪಿದರೆ ಅಪರಾಧಿ ಎಂದರೆ ಅವನು ಇನ್‌ಸ್ಪೆಕ್ಟರನ ಮರ್ಜಿಯಲ್ಲಿ ಬದುಕಬೇಕಾಗುತ್ತದೆ.

ಕಾಯ್ದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. 1969ರ ತೀರ್ಪಿನಲ್ಲಿ ಕಾಯ್ದೆಯ ಚೌಕಟ್ಟು ಉಳಿಯಿತು, ಹಲವು ಕಲಮುಗಳು ಬಿದ್ದವು. ಲೈಸೆನ್ಸು ಕೊಡುವಾಗ ಅಧಿಕಾರಿ ‘ನಿರೀಕ್ಷಿತ ಬೇಡಿಕೆ’, ‘ಅರ್ಜಿದಾರನ ಯೋಗ್ಯತೆ’, ‘ಸಾರ್ವಜನಿಕ ಹಿತ’ ನೋಡಬೇಕು ಎಂಬ ನಿಬಂಧನೆಗಳು ಮನಬಂದಂತೆ ಅರ್ಥಮಾಡಲು ಎಡೆಕೊಡುವಷ್ಟು ಅಸ್ಪಷ್ಟ ಎಂದು ನ್ಯಾಯಾಲಯ ಕಂಡಿತು. ಲೈಸೆನ್ಸ್ ರಾಜ್ ಅನ್ನು ಮಾರುಕಟ್ಟೆಯ ಪರವಾಗಿ ಟೀಕಿಸುವವರು ಹೇಳುತ್ತ ಬಂದಿದ್ದ ಮಾತಿಗೆ ಇಲ್ಲಿ ಕಾನೂನಿನ ಭಾಷೆಯಲ್ಲಿ ಬೆಂಬಲ ಸಿಕ್ಕಿತು: ಬೇಡಿಕೆ ಎಷ್ಟು ಎಂದು ಮೇಜಿನ ಹಿಂದೆ ಕೂತ ಅಧಿಕಾರಿ ತೀರ್ಮಾನಿಸಲಾರ. ಸಂಸತ್ತು ಕಾಯ್ದೆಗೆ ತೇಪೆ ಹಾಕಿ ಮುಂದುವರಿಸಿತು.

ಎಪ್ಪತ್ತರ ದಶಕದಲ್ಲಿ ಚಿನ್ನದ ಕಡೆಗೆ ಜನರನ್ನು ತಳ್ಳುವ ಇನ್ನೊಂದು ಒತ್ತಡ ಸೇರಿತು, ಅದು ತೆರಿಗೆ. 1973-74ರಲ್ಲಿ ಅತಿ ಹೆಚ್ಚಿನ ಆದಾಯದ ಮೇಲಿನ ತೆರಿಗೆ ಸರ್‌ಚಾರ್ಜ್ ಸೇರಿ ಶೇ 97.75 ಮುಟ್ಟಿತ್ತು. ಮೇಲಿನ ನೂರು ರೂಪಾಯಿಯಲ್ಲಿ ಕೈಗುಳಿಯುವುದು ಎರಡೂಕಾಲು. ಇಷ್ಟು ದರ ಕಪ್ಪುಹಣವನ್ನೇ ಸೃಷ್ಟಿಸುತ್ತದೆ, ಇಳಿಸಿ ಎಂದು ನೇರ ತೆರಿಗೆಗಳ ಕುರಿತ ವಾಂಛೂ ಸಮಿತಿ 1971ರಲ್ಲೇ ಹೇಳಿತ್ತು. ಲೆಕ್ಕಕ್ಕೆ ಸಿಗದ ಹಣಕ್ಕೆ ಬ್ಯಾಂಕು ಆಗದು, ಹೊಲ ಆಗದು. ಗೋಡೆಯ ಗೂಡಿನಲ್ಲಿ ಅಡಗುವ ಹತ್ತು ತೊಲದ ಬಿಸ್ಕತ್ತು ಆಗುತ್ತದೆ. ಒಂದು ಕಾನೂನು ಜನರನ್ನು ಚಿನ್ನದತ್ತ ಅಟ್ಟುತ್ತಿತ್ತು, ಇನ್ನೊಂದು ಅದೇ ಚಿನ್ನಕ್ಕೆ ಬಾಗಿಲು ಹಾಕುತ್ತಿತ್ತು. ಇವೆರಡರ ನಡುವಿನ ಸಂದಿಯಲ್ಲಿ ಮುಂಬಯಿಯಲ್ಲಿ ಹಾಜಿ ಮಸ್ತಾನನಂಥ ಕಳ್ಳಸಾಗಣೆದಾರರ ಹೆಸರು ಮನೆಮಾತಾಯಿತು. 1974ರಲ್ಲಿ ಕಳ್ಳಸಾಗಣೆಯ ಆರೋಪಿಗಳನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಮೊದಲು ಆಂತರಿಕ ಭದ್ರತಾ ಕಾಯ್ದೆ (ಮೀಸಾ) ಬಳಕೆಯಾಯಿತು, ಆ ವರ್ಷದ ಕೊನೆಗೆ ಅದಕ್ಕೆಂದೇ ಕಾಫಿಪೋಸಾ ಕಾಯ್ದೆ ಬಂತು. ಹತ್ತು ವರ್ಷದ ಹಿಂದೆ ಕ್ಯಾರೆಟ್ ಅಳೆಯಲು ಹೊರಟ ನೀತಿ ಈಗ ವ್ಯಕ್ತಿಸ್ವಾತಂತ್ರ್ಯವನ್ನು ಅಮಾನತಿನಲ್ಲಿಡುವ ಹಂತಕ್ಕೆ ಬಂದಿತ್ತು. ನಿಯಂತ್ರಣ ಸೋತಾಗ ಅದನ್ನು ಹಿಂದೆಗೆದುಕೊಳ್ಳುವ ಬದಲು ಇನ್ನೂ ಬಿಗಿಮಾಡುವ ಈ ಅಭ್ಯಾಸವೇ ನನ್ನನ್ನು ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು.

1978ರಲ್ಲಿ ಸರ್ಕಾರ ವಿರುದ್ಧ ದಿಕ್ಕಿನಿಂದ ಪ್ರಯತ್ನಿಸಿತು. ಆಗ ಮೊರಾರ್ಜಿಯೇ ಪ್ರಧಾನಿ. ಸರ್ಕಾರದ ಬಳಿಯ ಚಿನ್ನವನ್ನು ಹರಾಜು ಹಾಕಿ ಪೇಟೆಯ ಬೆಲೆ ಇಳಿಸಿದರೆ ಕಳ್ಳಸಾಗಣೆಯ ಲಾಭ ತಾನೇ ಕರಗುತ್ತದೆ ಎಂಬುದು ಯೋಚನೆ. ತತ್ತ್ವವಾಗಿ ಇದು ಶೆಣೈಯವರ ದಾರಿಗೇ ಹತ್ತಿರವಾದದ್ದು. ಆ ವರ್ಷ ಫೆಬ್ರುವರಿಯಲ್ಲಿ ಅವರು ತೀರಿಕೊಂಡಿದ್ದರು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ರಿಸರ್ವ್ ಬ್ಯಾಂಕ್ ಸುಮಾರು 13 ಟನ್ ಮಾರಿತು. ಆದರೆ ಆಮದಿನ ಬಾಗಿಲು ಮುಚ್ಚಿಟ್ಟೇ, ಇದ್ದ ದಾಸ್ತಾನಿನಿಂದ ಕೊಂಚ ಕೊಂಚ ಸುರಿದರೆ ಬೆಲೆ ಎಷ್ಟು ಇಳಿದೀತು? ವಿಶ್ವದ ಬೆಲೆ ಏರುತ್ತಿದ್ದ ಕಾಲ ಅದು. ಲಾಭ ಯಾರಿಗಾಯಿತೆಂಬ ಗದ್ದಲ ಎದ್ದು ಹರಾಜು ನಿಂತಿತು. ನಂತರದ ಸರ್ಕಾರ ವಿಚಾರಣಾ ಸಮಿತಿಯನ್ನೂ ನೇಮಿಸಿತು.

ಈ ಕಾಯ್ದೆ ಏಕೆ ಸೋತಿತು ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. 1963ರಲ್ಲೇ ಸಡಿಲಿಸದೆ ಗಟ್ಟಿಯಾಗಿ ನಿಂತಿದ್ದರೆ ಒಂದು ತಲೆಮಾರಿನಲ್ಲಿ ಜನರ ರೂಢಿ ಬದಲಾಗುತ್ತಿತ್ತು ಎನ್ನುವವರಿದ್ದಾರೆ. ವಿದೇಶಿ ವಿನಿಮಯ ಅಷ್ಟು ಕಡಿಮೆಯಿದ್ದಾಗ ಚಿನ್ನಕ್ಕೆ ಬಾಗಿಲು ತೆರೆಯುವುದು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲ ಎಂಬ ವಾದವೂ ಇದೆ, ಅದು ಹಗುರವಾದದ್ದಲ್ಲ. ಅದಕ್ಕೆ ಮಾರುಕಟ್ಟೆಯ ಪರವಾದ ಉತ್ತರ, ವಿನಿಮಯದ ಕೊರತೆ ತಾನಾಗಿ ಬಂದದ್ದಲ್ಲ, ರೂಪಾಯಿಗೆ ಕೃತಕ ಬೆಲೆ ಕಟ್ಟಿ ರಫ್ತನ್ನು ಕುಗ್ಗಿಸಿಕೊಂಡದ್ದರ ಫಲ ಎಂಬುದು. ನಾನು ಈ ಉತ್ತರದ ಕಡೆ ವಾಲುತ್ತೇನೆ. ಇಷ್ಟಂತೂ ಖಚಿತ: ಚಿನ್ನ ಬರುವುದು ನಿಲ್ಲಲೇ ಇಲ್ಲ, ಬಂದದ್ದರ ಮೇಲೆ ಸರ್ಕಾರಕ್ಕೆ ಒಂದು ಪೈಸೆ ಸುಂಕವೂ ಸಿಗಲಿಲ್ಲ.

1990ರ ಮಾರ್ಚಿನ ಬಜೆಟ್ ಭಾಷಣದಲ್ಲಿ ಹಣಕಾಸು ಮಂತ್ರಿ ಮಧು ದಂಡವತೆ ಕಾಯ್ದೆಯನ್ನು ರದ್ದು ಮಾಡುವುದಾಗಿ ಸಾರಿದರು. ಅದು ಉದ್ದೇಶ ಸಾಧಿಸಲಿಲ್ಲ, ಸಣ್ಣ ಅಕ್ಕಸಾಲಿಗಳಿಗೆ ಕಿರುಕುಳವಾಯಿತು ಎಂಬುದು ಅವರು ಕೊಟ್ಟ ಕಾರಣ. ದಂಡವತೆ ಸಮಾಜವಾದಿ; ಆರ್ಥಿಕ ಉದಾರೀಕರಣ ಇನ್ನೂ ಒಂದು ವರ್ಷ ದೂರವಿತ್ತು. ಮುಕ್ತ ಮಾರುಕಟ್ಟೆಯ ಪಾಠವನ್ನು ಅವರು ಒಪ್ಪದೆಯೂ ಇರಬಹುದು, ಬಡ ಕಸುಬುದಾರನ ಪರವಾಗಿ ನಿಂತು ಅದೇ ತೀರ್ಮಾನಕ್ಕೆ ಬಂದರು. ಜೂನ್ 6ರಿಂದ ಕಾಯ್ದೆ ಇಲ್ಲವಾಯಿತು. ಮೊದಲ ಅಧಿಸೂಚನೆಯಿಂದ ಇಪ್ಪತ್ತೇಳು ವರ್ಷ. 1963ರಲ್ಲಿ ಅಪ್ಪನ ಪಕ್ಕ ಕೂತು ತಿದಿ ಒತ್ತಬೇಕಿದ್ದ ಹನ್ನೆರಡರ ಹುಡುಗನಿಗೆ ಈಗ ಮೂವತ್ತೊಂಬತ್ತು. ಕುಲುಮೆ ಆರಿದ ಮನೆಗಳಲ್ಲಿ ಅಂಥ ಹುಡುಗರು ಬೇರೆ ದಾರಿ ಹಿಡಿದು ಎಷ್ಟೋ ಕಾಲವಾಗಿತ್ತು.

ಮುಂದಿನ ವರ್ಷವೇ ಚಿನ್ನ ಮತ್ತೆ ದೇಶದ ಮುಖ್ಯ ಸುದ್ದಿಯಾಯಿತು. 1991ರ ಮೇ ತಿಂಗಳಲ್ಲಿ, ಕೆಲವೇ ವಾರಗಳ ಆಮದಿಗಾಗುವಷ್ಟು ವಿನಿಮಯ ಉಳಿದಿದ್ದಾಗ, ಸರ್ಕಾರ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮರುಖರೀದಿಯ ಕರಾರಿನ ಮೇಲೆ ಮಾರಿ ಸುಮಾರು 20 ಕೋಟಿ ಡಾಲರ್ ಎತ್ತಿತು. ಆ 20 ಟನ್ ಕಳ್ಳಸಾಗಣೆದಾರರಿಂದ ಜಪ್ತಿಯಾದ ಚಿನ್ನ. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ತನ್ನದೇ ದಾಸ್ತಾನಿನಿಂದ ಸುಮಾರು 47 ಟನ್ನನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡವಿಟ್ಟು 40 ಕೋಟಿ ಡಾಲರ್ ಪಡೆಯಿತು. ಚಿನ್ನ ಸತ್ತ ಬಂಡವಾಳ ಎಂದು ಜನರಿಗೆ ಬೋಧಿಸಿದ ಸರ್ಕಾರವೇ ಕಷ್ಟ ಬಂದಾಗ 1931ರ ರೈತನಂತೆ ಒಡವೆಯ ಪೆಟ್ಟಿಗೆ ತೆರೆಯಿತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಚಿನ್ನ ಇರುವುದೇ ಅದಕ್ಕೆ.

1992ರ ಬಜೆಟ್ಟಿನಲ್ಲಿ ಮನಮೋಹನ್ ಸಿಂಗ್ ವಿದೇಶದಿಂದ ಮರಳುವ ಭಾರತೀಯರು ವಿದೇಶಿ ಹಣದಲ್ಲಿ ಸುಂಕ ಕಟ್ಟಿ ಐದು ಕಿಲೋವರೆಗೆ ಚಿನ್ನ ತರಬಹುದೆಂದರು. 1997ರಲ್ಲಿ ಬ್ಯಾಂಕುಗಳಿಗೇ ಆಮದಿನ ಅವಕಾಶವಾಯಿತು. ಕ್ಯಾನ್‌ವಾಸ್ ಅಂಗಿಯವರ ಕಸುಬು ಬಡವಾಯಿತು, ಖಜಾನೆಗೆ ಸುಂಕ ಬರತೊಡಗಿತು. ಆದರೆ ಕೋಲಾರಕ್ಕೆ ಈ ಹೊಸ ಗಾಳಿ ತಡವಾಗಿ ಬೀಸಿತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು.

ಹೊರಗಿನ ಮತ್ತು ಇಲ್ಲಿನ ಬೆಲೆಯ ಅಂತರ ಮರಳಿದಾಗಲೆಲ್ಲ ಕಳ್ಳಸಾಗಣೆ ಮರಳಿದೆ. 2013ರಲ್ಲಿ ಚಾಲ್ತಿ ಖಾತೆಯ ಕೊರತೆಗೆ ಹೆದರಿ ಸರ್ಕಾರ ಒಂದೇ ವರ್ಷದಲ್ಲಿ ಚಿನ್ನದ ಸುಂಕವನ್ನು ಶೇ 4ರಿಂದ 10ಕ್ಕೆ ಏರಿಸಿತು, ತಂದದ್ದರಲ್ಲಿ ಐದನೇ ಒಂದು ಪಾಲು ರಫ್ತಿಗೆಂಬ ನಿಯಮ ಹಾಕಿತು. ಮಂಗಳೂರು, ಕೋಯಿಕ್ಕೋಡು, ಕೊಚ್ಚಿ ವಿಮಾನ ನಿಲ್ದಾಣಗಳಲ್ಲಿ ಕೊಲ್ಲಿಯಿಂದ ಬಂದವರ ಮೈಮೇಲೆ, ಸೂಟ್‌ಕೇಸಿನ ಚೌಕಟ್ಟಿನಲ್ಲಿ, ಪುಡಿ ಮಾಡಿ ಕಲಸಿದ ಪೇಸ್ಟಿನ ರೂಪದಲ್ಲಿ ಚಿನ್ನ ಸಿಕ್ಕಿಬೀಳುವ ಸುದ್ದಿ ದಿನಪತ್ರಿಕೆಯ ನಿತ್ಯದ ಸಾಮಗ್ರಿಯಾಯಿತು. ರಫ್ತಿನ ನಿಯಮ 2014ರ ನವೆಂಬರಿನಲ್ಲಿ ಹೋಯಿತು, ಸುಂಕ ಉಳಿಯಿತು. 2022ರ ಜುಲೈಯಲ್ಲಿ ಅದು ಶೇ 15 ಮುಟ್ಟಿತು. 2024ರ ಜುಲೈ 23ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಒಂದೇ ಸಲಕ್ಕೆ ಶೇ 6ಕ್ಕೆ ಇಳಿಸಿದರು. ಭಾಷಣದಲ್ಲಿ ಅದಕ್ಕೆ ಕೊಟ್ಟ ಕಾರಣ, ದೇಶದೊಳಗೆ ಚಿನ್ನ ಬೆಳ್ಳಿಯ ಒಡವೆ ತಯಾರಿಕೆಯಿಂದ ಆಗುವ ಮೌಲ್ಯವರ್ಧನೆ ಹೆಚ್ಚಲಿ ಎಂಬುದು. 1963ರಲ್ಲಿ ಯಾವ ಕೈಕೆಲಸವನ್ನು ದೇಶದ ಹಿತಕ್ಕೆ ಅಡ್ಡಿಯೆಂದು ಎಣಿಸಿ ನಿಲ್ಲಿಸಲಾಗಿತ್ತೋ, ಅರವತ್ತೊಂದು ವರ್ಷದ ನಂತರ ಅದೇ ಕೈಕೆಲಸದ ಹೆಸರಿನಲ್ಲಿ ಸುಂಕ ಇಳಿಯಿತು.